ಕಿರುಹೆದ್ದಾರಿ ಮೀಮಾಂಸೆ: ಶಿವಮೊಗ್ಗ–ಭದ್ರಾವತಿ ಸೀಮೆಯ ದಾರಿಗಳ ನಾಮ, ಸಂಖ್ಯೆ ಮತ್ತು ದಿಕ್ಕಿನ ವಿಚಾರ

ಲಕ್ಷಣ

ರಸ್ತೆಗಳಿಗೂ ವರ್ಣವ್ಯವಸ್ಥೆಯುಂಟು. 1943ರ ನಾಗಪುರ ಯೋಜನೆಯಲ್ಲಿ ಮುಖ್ಯ ಎಂಜಿನಿಯರುಗಳು ಕೂಡಿ ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂಬ ಶ್ರೇಣಿಯನ್ನು ವಿಧಿಸಿದರು. ಈ ಶ್ರೇಣಿಯನ್ನು ಡಾಂಬರು ನೋಡಿ ಗುರುತಿಸಹೊರಟವರು ಮೋಸಹೋಗುವುದು ನಿಶ್ಚಿತವಾದ್ದರಿಂದ, ಮೈಲಿಗಲ್ಲಿನ ತಲೆಯ ಬಣ್ಣವನ್ನೇ ಪ್ರಮಾಣವೆಂದು ಸ್ವೀಕರಿಸಲಾಗಿದೆ. ರಾಷ್ಟ್ರೀಯ ಹೆದ್ದಾರಿಗೆ ಹಳದಿ, ರಾಜ್ಯ ಹೆದ್ದಾರಿಗೆ ಹಸಿರು, ಗ್ರಾಮ ರಸ್ತೆಗೆ ಕಿತ್ತಳೆ. ಕೆಳಗಿನ ವರ್ಣದ ರಸ್ತೆಯೊಂದು ಮೇಲಿನ ವರ್ಣಕ್ಕೆ ಏರುವ ಸಂಸ್ಕಾರಕ್ಕೆ ಸರ್ಕಾರಿ ಪರಿಭಾಷೆಯಲ್ಲಿ ‘ಮೇಲ್ದರ್ಜೆಗೇರಿಸುವುದು’ ಎಂದು ಹೆಸರು. ಈ ಸಂಸ್ಕಾರದಿಂದ ಕಲ್ಲು ಎರಡನೆಯ ಜನ್ಮ ಪಡೆಯುತ್ತದೆಯೇ ಹೊರತು, ಗುಂಡಿಗಳು ಪೂರ್ವಜನ್ಮದ ಕರ್ಮಶೇಷವಾಗಿ ಹಾಗೆಯೇ ಉಳಿಯುತ್ತವೆ.

ಬಸ್ಸು ಹತ್ತಿದ ಪ್ರಯಾಣಿಕನಿಗೆ ಕೂರಲು ಸೀಟು ಸಿಗುವ ಹೊತ್ತಿಗೆ ಇಳಿಯುವ ಊರು ಬಂದುಬಿಡುವ ದಾರಿಯೇ ‘ಕಿರುಹೆದ್ದಾರಿ’. ಹೊನ್ನಾವರದಿಂದ ಚಿತ್ತೂರಿನವರೆಗೆ ಚಾಚಿಕೊಂಡ ರಾಷ್ಟ್ರೀಯ ಹೆದ್ದಾರಿ 69ರ ತುಂಡನ್ನೂ ಈ ವ್ಯಾಖ್ಯೆ ಒಳಗೊಳ್ಳುವುದರಿಂದ ಅತಿವ್ಯಾಪ್ತಿ ದೋಷ ತಟ್ಟುತ್ತದೆಂದು ಆಕ್ಷೇಪಿಸಬಹುದು. ಆದರೆ ಶಿವಮೊಗ್ಗದಲ್ಲಿ ಹತ್ತಿ ಭದ್ರಾವತಿಯಲ್ಲಿ ಇಳಿಯುವವನಿಗೆ ಚಿತ್ತೂರಿನೊಂದಿಗೆ ಯಾವ ವ್ಯವಹಾರವೂ ಇಲ್ಲದಿರುವುದರಿಂದ ಈ ದೋಷ ಟಿಕೆಟ್ ಹರಿದ ಕ್ಷಣದಲ್ಲೇ ಪರಿಹಾರವಾಗುತ್ತದೆ.

ಕ್ಷೇತ್ರ

ತುಂಗೆಯ ದಡದ ಶಿವಮೊಗ್ಗ, ಭದ್ರೆಯ ದಡದ ಭದ್ರಾವತಿ, ಎರಡು ನದಿಗಳೂ ಕೂಡುವ ಕೂಡಲಿಗೆ ಸಮೀಪದ ಹೊಳೆಹೊನ್ನೂರು, ಈ ಮೂರು ಊರುಗಳನ್ನು ಜೋಡಿಸಿದರೆ ದೊರೆಯುವ ತ್ರಿಕೋನವೇ ಪ್ರಸ್ತುತ ಅಧ್ಯಯನದ ಕ್ಷೇತ್ರ. ಮೊದಲನೆಯ ಭುಜ ಹರಿಗೆ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಗಳನ್ನು ಹಾದು ಭದ್ರಾವತಿ ಸೇರುವ, ಸುಮಾರು 20 ಕಿಲೋಮೀಟರಿನ ರಸ್ತೆ. ಎರಡನೆಯದು ಶಿವಮೊಗ್ಗದಿಂದ ಹೊಳೆಹೊನ್ನೂರಿನ ಮೂಲಕ ಚನ್ನಗಿರಿ, ಚಿತ್ರದುರ್ಗಗಳ ಕಡೆಗೆ ಹೋಗುತ್ತದೆ. ಮೂರನೆಯದಾದ ಭದ್ರಾವತಿ–ಹೊಳೆಹೊನ್ನೂರು ರಸ್ತೆ ಭದ್ರಾ ಅಚ್ಚುಕಟ್ಟಿನ ಗದ್ದೆ, ತೋಟಗಳ ನಡುವೆ ಸಾಗುತ್ತದೆ.

ಸಮಸ್ಯೆ

ಈ ಸೀಮೆಯಲ್ಲಿ ಯಾವ ರಸ್ತೆಗೂ ತನ್ನದೆಂಬ ಹೆಸರಿಲ್ಲ. ಪ್ರತಿಯೊಂದೂ ಆ ತುದಿಯ ಊರಿನ ಹೆಸರನ್ನು ಎರವಲು ಪಡೆದಿರುತ್ತದೆ. ಶಿವಮೊಗ್ಗದಲ್ಲಿ ‘ಭದ್ರಾವತಿ ರಸ್ತೆ’ ಎನಿಸಿಕೊಂಡದ್ದು ಭದ್ರಾವತಿಯಲ್ಲಿ ‘ಶಿವಮೊಗ್ಗ ರಸ್ತೆ’ಯಾಗುತ್ತದೆ. ಎರವಲಾದ್ದರಿಂದ ಅಲ್ಲಿಯ ಊರಿಗೆ ಆದದ್ದು ಇಲ್ಲಿಯ ರಸ್ತೆಗೂ ಆಗುತ್ತದೆ: ಹಿಂದೆ ಬೆಂಕೀಪುರವಾಗಿದ್ದ ಊರು ಭದ್ರಾವತಿಯಾದಾಗ ಆ ಕಡೆಗೆ ಹೋಗುವ ದಾರಿಗಳೆಲ್ಲ ಒಂದು ಬುಟ್ಟಿ ಜಲ್ಲಿಯ ಖರ್ಚೂ ಇಲ್ಲದೆ ಹೊಸದಾದವು. 2014ರ ನವೆಂಬರ್ 1ರಂದು ಶಿವಮೊಗ್ಗದ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ತಿದ್ದುಪಡಿಯಾದಾಗ ರಸ್ತೆಗಳಿಗೆ ಸಿಕ್ಕಿದ್ದು ಫಲಕ ಬರೆಯುವವರ ಬಣ್ಣ ಮಾತ್ರ. ಎರಡೂ ಊರುಗಳ ಅಂಗಡಿ ಫಲಕಗಳಲ್ಲಿ ‘ಬಿ.ಎಚ್. ರಸ್ತೆ’, ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ, ಎಂದು ಬರೆದಿರುವುದು ಸಮಸ್ಯೆಯನ್ನು ಬಗೆಹರಿಸುವ ಬದಲು ಇನ್ನಷ್ಟು ದೂರಕ್ಕೆ ಸಾಗಹಾಕುತ್ತದೆ.

ಹಾಗಿದ್ದಲ್ಲಿ ‘ಭದ್ರಾವತಿ ರಸ್ತೆ’ ಮುಗಿದು ‘ಶಿವಮೊಗ್ಗ ರಸ್ತೆ’ ಆರಂಭವಾಗುವ ‘ನಾಮಾಂತರ ಬಿಂದು’ ಯಾವುದು?

ಪೂರ್ವಪಕ್ಷ

ಸಂಖ್ಯಾವಾದಿಗಳ ಪ್ರಕಾರ ಹೆಸರೇ ಮಿಥ್ಯೆ, ನಂಬರೊಂದೇ ಸತ್ಯ. 2010ರ ಮರುಸಂಖ್ಯಾಕರಣದಲ್ಲಿ ಹಳೆಯ 206 ಹೋಗಿ 69 ಬಂದಾಗ ಈ ಸೀಮೆ 137 ಅಂಕಗಳನ್ನು ಕಳೆದುಕೊಂಡಿತು. ಅದೇ ವ್ಯವಸ್ಥೆಯಲ್ಲಿ ತೀರ್ಥಹಳ್ಳಿಯ ಮೇಲೆ ಮಂಗಳೂರಿಗೆ ಹೋಗುವ ಹಳೆಯ 13, 69ರ ಕವಲೆಂಬ ಕಾರಣಕ್ಕೆ 169 ಆಗಿ 156 ಅಂಕಗಳನ್ನು ಗಳಿಸಿತು. ಎರಡರ ವ್ಯತ್ಯಾಸ 19, ಅಂದರೆ ಹೆಚ್ಚುಕಡಿಮೆ ಶಿವಮೊಗ್ಗ–ಭದ್ರಾವತಿಗಳ ನಡುವಿನ ಅಂತರ. ಉಳಿದ ಒಂದು ಕಿಲೋಮೀಟರನ್ನು ಬಸ್ಸು ನಿಲ್ದಾಣದಿಂದ ಹೊರಬೀಳಲು ವ್ಯಯಿಸುತ್ತದೆ. ಚಿತ್ರದುರ್ಗದ ಕಡೆಗಿನ ತುಂಡಿಗೆ ದೊರೆತ 369 ಎಂಬ ಸಂಖ್ಯೆ ಈ ಲೆಕ್ಕವನ್ನು ಕೆಡಿಸುವುದರಿಂದ ಅದನ್ನು ಶಾಸ್ತ್ರೋಕ್ತವಾಗಿ ಕೈಬಿಡಲಾಗಿದೆ.

ಈ ವಾದ ಗಣಿತದ ದೃಷ್ಟಿಯಿಂದ ಎಷ್ಟೇ ರಮ್ಯವಾಗಿದ್ದರೂ, “ಅರವತ್ತೊಂಬತ್ತಕ್ಕೆ ಒಂದು ಟಿಕೆಟ್ ಕೊಡಿ” ಎಂದು ಕೇಳಿದ ಪ್ರಯಾಣಿಕ ಈವರೆಗೆ ಯಾವ ಬಸ್ಸಿನಲ್ಲೂ ದೊರೆತಿಲ್ಲವಾದ್ದರಿಂದ ಲೋಕಾನುಭವಕ್ಕೆ ವಿರುದ್ಧವಾಗಿದೆ.

ಸಿದ್ಧಾಂತ

ನಿರ್ಣಾಯಕ ಸಾಕ್ಷ್ಯ ದೊರೆಯುವುದು ಖಾಸಗಿ ಬಸ್ಸಿನ ಬಾಗಿಲಿನಲ್ಲಿ. ಶಿವಮೊಗ್ಗದ ನಿಲ್ದಾಣದಲ್ಲಿ ಕಂಡಕ್ಟರು ಒಂದು ಕಾಲನ್ನು ಮೆಟ್ಟಿಲ ಮೇಲೂ ಇನ್ನೊಂದನ್ನು ಗಾಳಿಯಲ್ಲೂ ಇಟ್ಟು, ಒಳಗೆ ಜನ ಒತ್ತೊತ್ತಾಗಿ ನಿಂತಿರುವಾಗಲೇ “ಭದ್ರಾವತಿ ಭದ್ರಾವತಿ, ಸೀಟ್ ಖಾಲಿ” ಎಂದು ಘೋಷಿಸುತ್ತಾನೆ. ಮಾಚೇನಹಳ್ಳಿ ಸಮೀಪಿಸಿದಾಗ “ಡೈರಿ ಇಳಿಯೋರು ಮುಂದೆ ಬನ್ನಿ” ಎಂದು ಕರೆಯುತ್ತಾನೆ. ಅದೇ ಡೈರಿಯ ಎದುರು ಬದಿಯಲ್ಲಿ ಅದೇ ಹೊತ್ತಿಗೆ ನಿಂತ ಇನ್ನೊಂದು ಬಸ್ಸಿನಿಂದ “ಶಿವಮೊಗ್ಗ, ಶಿವಮೊಗ್ಗ” ಎಂಬ ಕೂಗು ಕೇಳಿಬರುತ್ತದೆ. ಒಂದೇ ಸ್ಥಳದಲ್ಲಿ, ಒಂದೇ ಕಾಲದಲ್ಲಿ ಎರಡೂ ಹೆಸರುಗಳು ಸಿಂಧುವಾಗಿರುವುದರಿಂದ ಸಿದ್ಧವಾಗುವುದೇನೆಂದರೆ, ನಾಮಾಂತರವು ಬಿಂದುವಲ್ಲ, ರೇಖೆ. ಅದು ರಸ್ತೆಯನ್ನು ಅಡ್ಡಲಾಗಿ ಎಲ್ಲೋ ಒಂದು ಕಡೆ ಕತ್ತರಿಸುವುದಿಲ್ಲ, ಉದ್ದಕ್ಕೂ ನಟ್ಟನಡುವೆ ಸೀಳುತ್ತದೆ. ಎಡಬದಿಯಲ್ಲಿ ಹೋಗುವ ನಿಯಮವಿರುವ ನಾಡಿನಲ್ಲಿ ಪ್ರತಿಯೊಬ್ಬನ ಎಡಕ್ಕಿರುವುದು ಅವನು ಹೋಗುವ ಊರಿನ ರಸ್ತೆ, ಬಲಕ್ಕಿರುವುದು ಅವನು ಬಿಟ್ಟುಬಂದ ಊರಿನದು.

ಈ ಸಿದ್ಧಾಂತದ ಬಲ ಕಾಣುವುದು ಸುಗ್ಗಿಯಲ್ಲಿ. ಹಳ್ಳಿಗಾಡಿನ ದಾರಿಯ ಅರ್ಧ ಅಗಲಕ್ಕೆ ಮೆಕ್ಕೆಜೋಳ ಹರವಿ, ಅಂಚಿಗೆ ಸಾಲಾಗಿ ಕಲ್ಲಿಟ್ಟಾಗ, ಎರಡು ಹೆಸರುಗಳ ಪೈಕಿ ಒಂದು ಕಾಳಿನಡಿ ಮರೆಯಾಗುತ್ತದೆ. ಎರಡೂ ಕಡೆಯ ವಾಹನಗಳು ಉಳಿದೊಂದು ಹೆಸರಿನ ಮೇಲೆಯೇ ಎದುರುಬದುರಾಗಿ, ಯಾರು ಹಿಂದೆ ಸರಿಯಬೇಕೆಂಬ ಮೀಮಾಂಸೆಗೆ ತೊಡಗುತ್ತವೆ. ಅದಕ್ಕೆ ತೀರ್ಪು ಕೊಡುವುದು ಲೋಕೋಪಯೋಗಿ ಇಲಾಖೆಯಲ್ಲ, ಕಾಳು ಕೆದಕಲು ಬಂದ ಅಜ್ಜಿ.

ಉಪಸಂಹಾರ

ಎರಡು ಹೆಸರುಗಳನ್ನು ಬೆಸೆದು ಒಂದಾಗಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಯಾವ ಅಧಿಸೂಚನೆಗೂ ಕಾಯದೆ ತುಂಗಭದ್ರೆಯಾದವು. ನಗರಾಭಿವೃದ್ಧಿ ಪ್ರಾಧಿಕಾರವೂ ಶಿವಮೊಗ್ಗ–ಭದ್ರಾವತಿ ಎಂಬ ಜೋಡುಹೆಸರನ್ನು ಹೊತ್ತಿದೆ, ಎರಡರಲ್ಲೂ ತುಂಗೆಯ ಪಕ್ಷಕ್ಕೇ ಅಗ್ರಪೂಜೆ ಸಂದಿರುವುದನ್ನು ಭದ್ರಾವತಿಯ ವಿದ್ವಾಂಸರು ಗಮನಿಸದೆ ಬಿಡುವಂತಿಲ್ಲವಾದರೂ. ಆದರೆ ನದಿಯ ದೃಷ್ಟಾಂತ ರಸ್ತೆಗೆ ಒಗ್ಗುವುದಿಲ್ಲ: ಕೂಡಿದ ನದಿಗಳೆರಡೂ ಒಂದೇ ಕಡೆಗೆ ಹರಿಯುತ್ತವೆ, ಹೋದ ನೀರು ಹಿಂದಿರುಗುವುದಿಲ್ಲ, ಹೋದ ಬಸ್ಸಾದರೋ ಮುಂದಿನ ಟ್ರಿಪ್ಪಿಗೆ ಮರಳಿ ಬರಲೇಬೇಕು.

ಆದಕಾರಣ ಹೆಸರುಗಳು ಎರಡಾಗಿಯೇ ಇರತಕ್ಕದ್ದು. ಸಂಖ್ಯಾವಾದಿಗಳಿಗೂ ಇಲ್ಲಿ ಒಂದು ಸಮಾಧಾನವುಂಟು. ಅವರ ಹಳೆಯ 206ನ್ನು ತಲೆಕೆಳಗು ಮಾಡಿದರೆ ಅದು ಬೇರೆಯೇ ಸಂಖ್ಯೆಯಾಗುತ್ತಿತ್ತು; 69 ಎಂದು ಬರೆದ ಫಲಕವಾದರೋ ಲಾರಿ ತಾಗಿ ತಲೆಕೆಳಗಾಗಿ ನೇತಾಡಿದರೂ 69 ಎಂದೇ ಓದಿಸಿಕೊಳ್ಳುತ್ತದೆ. ಯಾವ ತುದಿಯಿಂದ ನೋಡಿದರೂ ಇನ್ನೊಂದು ತುದಿಯ ಹೆಸರು ಹೇಳುವ ರಸ್ತೆಗೆ ಇದಕ್ಕಿಂತ ಯೋಗ್ಯವಾದ ನಂಬರನ್ನು ಯಾವ ಮಂತ್ರಾಲಯವೂ ಉದ್ದೇಶಪೂರ್ವಕವಾಗಿ ಕೊಡಲಾರದು.