ಅಸ್ವಾಮಿವಿಕ್ರಯ ಮೀಮಾಂಸೆ: ಗ್ರೈಂಡರ್ ಖಂಡ

ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದಾಗ (1076–1126) ವಿಜ್ಞಾನೇಶ್ವರನೆಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಅದೇ ದೊರೆಯ ಕಾಲಕ್ಕೆ, 1123ರ ಸುಮಾರಿಗೆ, ತೇರದಾಳದಲ್ಲಿ ಗೊಂಕರಸನೆಂಬ ಮಾಂಡಲಿಕ ನೇಮಿನಾಥ ಬಸದಿ ಕಟ್ಟಿಸಿದ. ಈ ಎರಡು ಘಟನೆಗಳ ಸಂಬಂಧವನ್ನು ಇತಿಹಾಸಕಾರರು ಗಮನಿಸಿದಂತಿಲ್ಲ. ಸಂಬಂಧವೇ ಇಲ್ಲದಿರುವುದು ಅದಕ್ಕೆ ಕಾರಣವಿದ್ದೀತು. ಆದರೆ ತೇರದಾಳದ ವೆಲ್ಡರ್ ಒಬ್ಬ ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಸೆಕೆಂಡ್ ಹ್ಯಾಂಡ್ ಗ್ರೈಂಡರ್ ಹುಡುಕತೊಡಗಿದನೆಂದು ವಾದಕ್ಕಾಗಿ ಇಟ್ಟುಕೊಳ್ಳೋಣ. ಸಂಬಂಧ ಆ ಕ್ಷಣವೇ ಕುದುರುತ್ತದೆ.

ಒಡೆಯನಲ್ಲದವನು ಮಾಲು ಮಾರುವುದಕ್ಕೆ ಶಾಸ್ತ್ರದಲ್ಲಿ ಅಸ್ವಾಮಿವಿಕ್ರಯವೆಂದು ಹೆಸರು. ಹದಿನೆಂಟು ವ್ಯವಹಾರಪದಗಳಲ್ಲಿ ಅದೂ ಒಂದು. ಯಾಜ್ಞವಲ್ಕ್ಯನ ತೀರ್ಪು ಬಿಗಿಯಾಗಿದೆ. ಮಾಲು ಮೂಲ ಒಡೆಯನಿಗೇ ಸೇರಬೇಕು. ಗುಟ್ಟಾಗಿ ಕೊಂಡಿದ್ದರೆ ಕೊಂಡವನದೂ ತಪ್ಪು. ಸಲ್ಲದವನ ಕೈಯಿಂದ, ಏಕಾಂತದಲ್ಲಿ, ತೀರಾ ಅಗ್ಗಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನಂತೂ ಕಳ್ಳನೇ. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಆನ್‌ಲೈನ್ ಜಾಹೀರಾತನ್ನು ಇಷ್ಟು ಚೆನ್ನಾಗಿ ಬಣ್ಣಿಸಿದ ಇನ್ನೊಬ್ಬ ಗ್ರಂಥಕಾರ ಸಿಗುವುದು ಕಷ್ಟ. ವಿಜ್ಞಾನೇಶ್ವರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾರುವವನ ಕೈಗೆ ಆ ವಸ್ತು ಬರುವ ದಾರಿಯಾದರೂ ಇತ್ತೇ ನೋಡಿ ಎನ್ನುತ್ತಾನೆ. ಗಾರೆ ಕೆಲಸವಾಗಲಿ ಬಡಗಿತನವಾಗಲಿ ಗೊತ್ತಿಲ್ಲದ ಹುಡುಗನೊಬ್ಬ ಎರಡು ಮಾರ್ಬಲ್ ಕಟರ್, ಮೂರು ಬ್ರೇಕರ್ ಮಾರುತ್ತಿದ್ದರೆ ವ್ಯಾಖ್ಯಾನಕಾರನ ಹುಬ್ಬು ಮೇಲೇರುವುದು ಸಹಜ.

ಇನ್ನು ಶಾಸ್ತ್ರಾರ್ಥ. ನಮ್ಮ ವೆಲ್ಡರ್ ಫೋನಿನಲ್ಲಿ ಕೇಳುತ್ತಾನೆ: “ತಮ್ಮಾ, ಬಿಲ್ ಐತೇನು?” ಉತ್ತರ: “ಬಿಲ್ ಎಲ್ಲೋ ಕಳದೈತ್ರಿ ಅಣ್ಣಾ, ಮಾಲ್ ಮಾತ್ರ ಒಂದ್ ನಂಬರ್ ಐತ್ರಿ.” “ಚಾರ್ಜರ್?” “ಅದೂ ಬಿಲ್ ಜೋಡಿನ ಹೋತ್ರಿ.” ಚಾರ್ಜರ್ ಇಲ್ಲದ ಬ್ಯಾಟರಿ ಮಷೀನು ಸಂಶೋಧಕರಿಗೆ ಒಳ್ಳೆಯ ಆಕರ. ಕಳ್ಳ ಮಷೀನು ಎತ್ತಿಕೊಂಡು ಹೋದ, ಚಾರ್ಜರ್ ಯಾರದೋ ಸೈಟಿನ ಗೋಡೆಯಲ್ಲೇ ಉಳಿಯಿತು ಎಂಬ ಅನುಮಾನಕ್ಕೆ ಅದು ಎಡೆಕೊಡುತ್ತದೆ. ಸೀರಿಯಲ್ ನಂಬರಿನ ಪಟ್ಟಿ ಕೆರೆದಿದ್ದರೆ ಅನುಮಾನ ಪ್ರಮಾಣಕ್ಕೆ ಇನ್ನೂ ಹತ್ತಿರವಾಗುತ್ತದೆ.

ಇಂಥ ಮಷೀನು ಇಷ್ಟು ಸಲೀಸಾಗಿ ಕೈ ಬದಲಿಸುವುದಕ್ಕೂ ಒಂದು ಚರಿತ್ರೆಯಿದೆ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಫೈನ್ ಕಂಪನಿ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ತಯಾರಿಸಿತು. ಬ್ಲ್ಯಾಕ್ ಆಂಡ್ ಡೆಕರ್ 1917ರಲ್ಲಿ ಅದಕ್ಕೆ ಪಿಸ್ತೂಲಿನ ಹಿಡಿ, ಕುದುರೆ ಕೂಡಿಸಿ ಪೇಟೆಂಟ್ ಪಡೆಯಿತು. ಹಿಡಿಯಲು ಸುಲಭವಾದದ್ದು ಎತ್ತಲೂ ಸುಲಭವಾಯಿತು ಎಂಬ ಅಂಶವನ್ನು ಯಂತ್ರಶಾಸ್ತ್ರದ ಚರಿತ್ರೆಗಳು ಒತ್ತಿ ಹೇಳುವುದಿಲ್ಲ.

ಪೂರ್ವಪಕ್ಷವನ್ನು ಮಂಡಿಸುವವರು ಚಹಾದಂಗಡಿ ಪಂಥದವರು: “ರೊಕ್ಕಾ ಕೊಟ್ಟೀನಿ, ಮಷೀನ್ ನಂದು.” ಇದನ್ನು 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಮು ಖಂಡಿಸುತ್ತದೆ. ಮಾರಿದವನಿಗೆ ಇಲ್ಲದ ಹಕ್ಕು ಕೊಂಡವನಿಗೂ ಬರುವುದಿಲ್ಲ. ವಿನಾಯಿತಿಗಳಿವೆ, ಕದ್ದ ಮಾಲಿಗೆ ಅವು ಒದಗುವುದು ಅಪರೂಪ. “ನನಗೇನೂ ಗೊತ್ತಿರಲಿಲ್ಲರಿ” ಎಂಬ ಎರಡನೆಯ ವಾದಕ್ಕೆ ತುಸು ಮರ್ಯಾದೆಯುಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ, ಕದ್ದದ್ದೆಂದು ತಿಳಿದೋ ಹಾಗೆಂದು ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಪಡೆದವನಿಗೆ ಮೂರು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ನಿಜವಾಗಿ ಅರಿಯದವನು ಅಪರಾಧಿಯಲ್ಲ. ಆದರೆ ಕಳವಾದ ಸ್ವಲ್ಪ ದಿನಕ್ಕೇ ಮಾಲು ಕೈಯಲ್ಲಿದ್ದು, ಅದು ಬಂದ ಬಗೆ ಹೇಳಲಾಗದಿದ್ದರೆ, ಅವನೇ ಕಳ್ಳ ಅಥವಾ ತಿಳಿದೇ ಕೊಂಡವನು ಎಂದು ನ್ಯಾಯಾಲಯ ಊಹಿಸಬಹುದು. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ಮಾತು ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಕೊಂಡ ಬೆಲೆ ಹೊಸದರ ಕಾಲು ಭಾಗವಾಗಿದ್ದರೆ ‘ನಂಬಲು ಕಾರಣ’ವನ್ನು ದೂರ ಹುಡುಕಬೇಕಿಲ್ಲ.

ಗ್ರೈಂಡರ್ ಕಳ್ಳರಿಗಿರುವ ಸುಖ ಮೊಬೈಲ್ ಕಳ್ಳರಿಗಿಲ್ಲ. ಮೊಬೈಲಿಗೆ 15 ಅಂಕಿಯ ಐಎಂಇಐ ಎಂಬ ಗುರುತಿನ ಸಂಖ್ಯೆಯಿದೆ, 2023ರಿಂದ ದೇಶಕ್ಕೆಲ್ಲ ಒಂದೇ ಸಿಇಐಆರ್ ವ್ಯವಸ್ಥೆಯಿದೆ. ಅದರ ಮೂಲಕ ಕಳೆದ ಫೋನನ್ನು ಬ್ಲಾಕ್ ಮಾಡಿಸಬಹುದು. ಗ್ರೈಂಡರ್ ಯಾರ ಕೈಗೆ ಸಿಕ್ಕರೂ ಅದೇ ನಿಷ್ಠೆಯಿಂದ ತಿರುಗುತ್ತದೆ.

ಅಮೆರಿಕದ ಬಡಗಿಯೊಬ್ಬ ಈ ಕೊರತೆಗೆ ತಾನೇ ಪರಿಹಾರ ಕಂಡುಕೊಂಡ. ಮತ್ತೆ ಮತ್ತೆ ಕಳವಾಗಿ ಬೇಸತ್ತ ಆತ ತನ್ನ ಉಪಕರಣಗಳ ಮಧ್ಯೆ ಆಪಲ್ ಏರ್‌ಟ್ಯಾಗ್ ಎಂಬ ಜಾಡು ತೋರುವ ಬಿಲ್ಲೆಗಳನ್ನು ಬಚ್ಚಿಟ್ಟ. 2024ರ ಜನವರಿಯಲ್ಲಿ ಮತ್ತೆ ಕಳವಾದಾಗ ಆ ಬಿಲ್ಲೆಗಳು ಮೇರಿಲ್ಯಾಂಡಿನ ಹಾವರ್ಡ್ ಕೌಂಟಿಯ ಬಾಡಿಗೆ ಗೋದಾಮೊಂದನ್ನು ತೋರಿಸಿದವು. ಪೊಲೀಸರು ಅಲ್ಲಿಂದ ಎಳೆ ಹಿಡಿದು ಹೊರಟರು. ಕೊನೆಗೆ ಸುಮಾರು 15,000 ಉಪಕರಣಗಳು ಸಿಕ್ಕವು. ಅವರ ಅಂದಾಜಿನಲ್ಲಿ ಬೆಲೆ 30ರಿಂದ 50 ಲಕ್ಷ ಡಾಲರ್. ಅಗ್ಗದ ಮಾಲು ಎಲ್ಲಿಂದ ಬರುತ್ತದೆಂದು ಕೇಳುವ ಜಿಜ್ಞಾಸುಗಳಿಗೆ ಇದು ಉಪಯುಕ್ತ ಉದಾಹರಣೆ.

ಸಿದ್ಧಾಂತಕ್ಕೆ ಬಂದರೆ ಮತ್ತೆ ಯಾಜ್ಞವಲ್ಕ್ಯನೇ ಗತಿ. ಮಾರಿದವನನ್ನು ತೋರಿಸಿದರೆ ಕೊಂಡವನು ಶುದ್ಧ: ಮಾಲು ಒಡೆಯನಿಗೆ, ದಂಡ ರಾಜನಿಗೆ, ಕೊಟ್ಟ ಬೆಲೆ ಮಾರಿದವನಿಂದ ಕೊಂಡವನಿಗೆ. 1930ರ ಕಾಯ್ದೆಯ 14ನೇ ಕಲಮೂ ಮಾರುವವನಿಗೆ ಮಾರುವ ಹಕ್ಕಿರಬೇಕೆಂದು ಷರತ್ತು ಹಾಕಿ, ರೊಕ್ಕ ವಾಪಸು ಕೇಳುವ ದಾರಿ ತೆರೆಯುತ್ತದೆ. ನಮ್ಮ ವೆಲ್ಡರ್ ಇದನ್ನೆಲ್ಲ ತಿಳಿಯುವ ಹೊತ್ತಿಗೆ ಗ್ರೈಂಡರ್ ಠಾಣೆಯ ಮುದ್ದೆಮಾಲಿನಲ್ಲಿ ಸೇರಿತ್ತು, ಜಾಹೀರಾತು ಅಳಿದಿತ್ತು, ನಂಬರು ಸ್ವಿಚ್ ಆಫ್ ಆಗಿತ್ತು. ಯುಪಿಐನಲ್ಲಿ ಕಳಿಸಿದ್ದರೆ ಒಂದು ಹೆಸರಾದರೂ ಉಳಿಯುತ್ತಿತ್ತು. ಅದೇ ಕಾರಣಕ್ಕೋ ಏನೋ, ಮಾರಿದವನು ನಗದು ಕೊಟ್ಟರೆ ಇನ್ನೂರು ಕಡಿಮೆ ಎಂದಿದ್ದ. ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ನೋಟು ಎಣಿಸುವಾಗ, ಚೌಕಾಶಿಯಲ್ಲಿ ಗೆದ್ದವನು ತಾನೇ ಎಂದು ವೆಲ್ಡರ್ ಅವನಿಗೆ ಚಹಾ ಬೇರೆ ಕುಡಿಸಿದ್ದ.