ಅಥ ಟವರ್ ಅರ್ಥಿಂಗ್ ಮೀಮಾಂಸೆ: ಹಂದನಕೆರೆ ಪಾಠ

ಹಂದನಕೆರೆ ಹೋಬಳಿಯ ತೋಟದ ಮನೆಯೊಂದರ ಪಕ್ಕ ಹ್ಯಾಮ್ ರೇಡಿಯೊ ಹುಚ್ಚಿನವನೊಬ್ಬ ಅರವತ್ತು ಅಡಿಯ ಟವರ್ ನಿಲ್ಲಿಸಿದನೆಂದು ಇಟ್ಟುಕೊಳ್ಳೋಣ. ಭರಣಿ ಮಳೆಯ ಸಿಡಿಲಿಗೆ ಅವನೇನು ಉತ್ತರ ಕೊಡಬೇಕು?

ನಾಮವಾದಿಗಳ ಪ್ರಕಾರ ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿದರೆ ಸಾಕು. ಆದರೆ ಅರ್ಜುನ ಅವನ್ನು ಹೇಳಿದ್ದು ಉತ್ತರಕುಮಾರನಿಗೆ ಗುರುತು ಕೊಡಲು. ಅಂದರೆ ಅವು ಕಾಲ್‌ಸೈನ್‌ಗಳು. ನಮ್ಮ ಹ್ಯಾಮ್‌ಗೆ ಸರ್ಕಾರ ಕೊಟ್ಟಿರುವುದು ವಿಯು 2 ಅಥವಾ ವಿಯು 3 ಎಂದು ಶುರುವಾಗುವ ಒಂದೇ ಹೆಸರು. ಉಳಿದ ಒಂಬತ್ತಕ್ಕೆ ಲೈಸೆನ್ಸಿಲ್ಲವಾದ್ದರಿಂದ ಈ ವಾದ ಬಿತ್ತು.

ಸುತ್ತ ತೆಂಗಿದೆ, ಸಿಡಿಲು ಅದಕ್ಕೇ ಬಡಿಯಲಿ ಎಂಬುದು ತೆಂಗುವಾದ. ಬಡಿದ ಮರದ ನೆರೆಯ ಮರಗಳೂ ಸುಳಿ ಒಣಗಿ ನಿಲ್ಲುವುದನ್ನು ಇವರು ನೋಡಿಲ್ಲ. ಪಾಪ, ಕೊಬ್ಬರಿ ರೇಟು ನೋಡುತ್ತಿದ್ದರು.

ಉಪ್ಪುವಾದ ಕೊಂಚ ಗಟ್ಟಿ. ಗುಂಡಿ ತೋಡಿ, ಜಿಐ ಪೈಪು ಇಳಿಸಿ, ಉಪ್ಪು, ಇದ್ದಿಲು ತುಂಬುವುದು. ಉಪ್ಪು ನೆಲದ ರೋಧವನ್ನು ಇಳಿಸುತ್ತದೆ, ಪೈಪನ್ನೂ ತಿನ್ನುತ್ತದೆ. ತೆಂಗಿಗೂ ಉಪ್ಪು ಹಾಕುವ ರೂಢಿ ಇರುವುದರಿಂದ ಪಕ್ಕದ ಮರದ ಬೇರು ಅದನ್ನು ತನ್ನ ಪಾಲೆಂದು ತಿಳಿದರೆ ತಪ್ಪಿಲ್ಲ.

ಇನ್ನು ಸಿದ್ಧಾಂತ. ಟವರಿಗೊಂದು ಅರ್ಥ್, ಮನೆಯ ಮೀಟರಿಗೊಂದು ಅರ್ಥ್, ಎರಡಕ್ಕೂ ಮಾತುಕತೆ ಬೇಡ ಎನ್ನುವವನು ದ್ವೈತಿ. ಸಾಧಾರಣ ಸಿಡಿಲು 30,000 ಆಂಪಿಯರ್. ಗುಂಡಿಯ ರೋಧ 10 ಓಂ ಆದರೆ ಟವರಿನ ಬುಡ 3 ಲಕ್ಷ ವೋಲ್ಟಿಗೆ ಏರುತ್ತದೆ. ಮನೆಯ ಅರ್ಥ್ ಇನ್ನೂ ಸೊನ್ನೆಯ ಆಸುಪಾಸಿನಲ್ಲೇ. ಇವೆರಡರ ನಡುವೆ ಇರುವ ದಾರಿ ಕೇಬಲ್ಲು, ರೇಡಿಯೊ, ಪ್ಲಗ್ಗು. ದ್ವೈತ ಸುಟ್ಟು ಹೋಗುವುದು ಅಲ್ಲಿ. ದಪ್ಪ ಪಟ್ಟಿಯಿಂದ ಎಲ್ಲ ಅರ್ಥ್‌ಗಳನ್ನೂ ಒಂದು ಮಾಡಿ, ಕೇಬಲ್ಲಿನ ಹೊರಜಾಲರಿಯನ್ನು ಟವರಿನ ಬುಡದಲ್ಲೇ ಅದಕ್ಕೆ ಬಿಗಿದರೆ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಐಎಸ್ 3043 ಎಂಬ ಆಧುನಿಕ ಸೂತ್ರಗ್ರಂಥದ ಒಲವೂ ಅದ್ವೈತದ ಕಡೆಗೇ, ಶಂಕರರ ಹೆಸರೆತ್ತಿಲ್ಲ ಅಷ್ಟೆ. ಪಟ್ಟಿಗೆ ಚೂಪು ತಿರುವು ಕೂಡದು. ಸಿಡಿಲಿಗೆ ತಿರುವಿನಲ್ಲಿ ನಿಧಾನಿಸುವ ಅಭ್ಯಾಸವಿಲ್ಲ. ತಾಮ್ರವನ್ನು ಟವರಿನ ಸತುವಿಗೆ ನೇರ ತಾಗಿಸಲೂಬಾರದು, ಸತು ಸವೆದುಹೋಗುತ್ತದೆ.

ಉಳಿದದ್ದು ನೀರು. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ರೋಧ ಮತ್ತೆ ಏರುತ್ತದೆ. ಡ್ರಿಪ್ ಪೈಪಿನ ಕೊನೆಯ ಹನಿ ಗುಂಡಿಗೆ ಎಂದು ಮಗ, ಕೊನೆಯ ಮರಕ್ಕೆ ಎಂದು ಅಪ್ಪ. ಈ ವಿಷಯದಲ್ಲಿ ಶಾಸ್ತ್ರ ಬಾಯಿ ಬಿಡುವುದಿಲ್ಲ. ತ್ರೀ ಫೇಸ್ ಕರೆಂಟು ಹೋಗುವುದರೊಳಗೆ ಅವರಿಬ್ಬರೇ ತೀರ್ಮಾನಿಸಿಕೊಳ್ಳಬೇಕು.