ಸುರಭಿ, ಅಸುರಭಿ ಮತ್ತು ಒಂದು ಜೊತೆ ಚಪ್ಪಲಿ: ಪರದೇಶ ಸ್ಫೂರ್ತಿ ಮೀಮಾಂಸೆ

ಸ್ಫೂರ್ತಿ ಬಯಸುವ ಕವಿ ವಿದೇಶಕ್ಕೆ ಹೋಗತಕ್ಕದ್ದೇ, ಹೋದರೆ ಅದು ಅವನೊಳಕ್ಕೆ ಕಣ್ಣಿನಿಂದ ಬರುತ್ತದೋ ಮೂಗಿನಿಂದ ಬರುತ್ತದೋ ಎಂಬುದು ಈ ಪ್ರಬಂಧದ ವಿಚಾರ. ವಿದೇಶ ಎಂದರೆ ಇಲ್ಲಿ ಮೊರಾಕೊ. ನಾವು ಕಟ್ಟಿದ ದುಡ್ಡಿನ ಪ್ಯಾಕೇಜಿಗೆ ಅದೊಂದೇ ದೇಶ ಸಿಕ್ಕಿತು.

ಕಣ್ಣಿನ ಪಕ್ಷದವರ ಬಳಿ ದೊಡ್ಡ ದೊಡ್ಡ ಸಾಕ್ಷಿಗಳಿವೆ. 1832ರಲ್ಲಿ ಫ್ರಾನ್ಸಿನ ರಾಯಭಾರಿಯ ಜೊತೆ ಮೊರಾಕೊಗೆ ಬಂದ ಚಿತ್ರಕಾರ ದೆಲಕ್ರವಾ ಅಲ್ಲಿದ್ದದ್ದು ಕೆಲವೇ ತಿಂಗಳು. ಆಗ ತುಂಬಿಸಿಕೊಂಡ ಟಿಪ್ಪಣಿ ಪುಸ್ತಕಗಳ ಬಡ್ಡಿ ಅವನಿಗೆ ಸಾಯುವವರೆಗೂ ಬರುತ್ತಿತ್ತು. 1912ರಲ್ಲಿ ಅದೇ ದೇಶದ ಟ್ಯಾಂಜಿಯರ್‌ಗೆ ಬಂದಿಳಿದ ಚಿತ್ರಕಾರ ಮತೀಸನಿಗೆ ಸಿಕ್ಕಿದ್ದು ಬಿಸಿಲಲ್ಲ, ದಿನಗಟ್ಟಲೆ ಮಳೆ. ಹೋಟೆಲ್ ಕೋಣೆಯಲ್ಲೇ ಕೂತು ಹೂದಾನಿಯ ಐರಿಸ್ ಹೂಗಳ ಚಿತ್ರ ಬಿಡಿಸಿದ. ಮಳೆಗಾಗಿ ಅಷ್ಟು ದೂರ ಯಾಕೆ, ಆಗುಂಬೆ ಇರಲಿಲ್ಲವೇ ಎಂಬ ಆಕ್ಷೇಪವನ್ನು ಸದ್ಯಕ್ಕೆ ಬದಿಗಿಡೋಣ. ಇಷ್ಟು ಪೂರ್ವಪಕ್ಷ.

ಇನ್ನು ಮೂಗಿನ ಪಕ್ಷ. ತರ್ಕಶಾಸ್ತ್ರದ ಕೈಪಿಡಿ, ಅನ್ನಂಭಟ್ಟನ ತರ್ಕಸಂಗ್ರಹದ ಪ್ರಕಾರ ಬಣ್ಣದಲ್ಲಿ ಏಳು ಬಗೆ. ವಾಸನೆಯಲ್ಲಿ ಎರಡೇ, ಸುರಭಿ ಮತ್ತು ಅಸುರಭಿ, ಅಂದರೆ ಪರಿಮಳ ಮತ್ತು ನಾತ. ಏಳರಲ್ಲಿ ಬಹುಪಾಲನ್ನೂ ಎರಡರಲ್ಲಿ ಎರಡನೆಯದನ್ನೂ ಒಟ್ಟಿಗೆ ಒದಗಿಸುವ ಜಾಗ ಫೆಜ್ ಪಟ್ಟಣದ ಶೂವಾರಾ, ತೊಗಲು ಹದಮಾಡುವ ಹಳೇ ಅಂಗಳ. ಸುತ್ತಲಿನ ಚರ್ಮದಂಗಡಿಗಳ ಮಹಡಿ ಹತ್ತಿ ನೋಡಬೇಕು. ಕೆಳಗೆ ಜೇನುಹುಟ್ಟಿನ ಹಾಗೆ ತೊಟ್ಟಿಗಳು. ಬಿಳಿಯವುಗಳಲ್ಲಿ ಸುಣ್ಣದ ನೀರು, ಪಾರಿವಾಳದ ಹಿಕ್ಕೆ. ಹಿಕ್ಕೆಯ ಅಮೋನಿಯಾ ತೊಗಲನ್ನು ಮೆದುಮಾಡಿ ಬಣ್ಣ ಕುಡಿಯುವಂತೆ ಮಾಡುತ್ತದೆ. ಪಕ್ಕದಲ್ಲಿ ಕೆಂಪು, ಕಂದು ಬಣ್ಣದ ತೊಟ್ಟಿಗಳು. ತೊಡೆಮಟ್ಟ ಇಳಿದ ಗಂಡಸರು ಕಾಲಿನಿಂದ ತುಳಿಯುತ್ತಾರೆ. ನಾನು ರೂಪಕ ಹುಡುಕುತ್ತಿದ್ದೆ. ಅವರಲ್ಲೊಬ್ಬ ತಲೆಯೆತ್ತಿ ನನ್ನನ್ನು ನೋಡಿದ, ಮತ್ತೆ ತುಳಿಯತೊಡಗಿದ.

ಮೆಟ್ಟಿಲ ಬುಡದಲ್ಲಿ ಅಂಗಡಿಯಾತ ಎಲ್ಲರ ಕೈಗೂ ಒಂದೊಂದು ಪುದೀನ ಕಡ್ಡಿ ಕೊಟ್ಟಿದ್ದ. ಹೊಗೆಯಿಂದ ಬೆಂಕಿಯನ್ನು ಊಹಿಸುವ ನ್ಯಾಯದಂತೆ ನಾನು ವ್ಯಾಪ್ತಿಯೊಂದನ್ನು ಘೋಷಿಸಿದೆ: ಎಲ್ಲೆಲ್ಲಿ ಪುದೀನವೋ ಅಲ್ಲಲ್ಲಿ ದುರ್ಗಂಧ. ಹೆಂಡತಿ ಸೆರಗನ್ನು ಮೂಗಿನಿಂದ ತೆಗೆಯದೆಯೇ ಖಂಡಿಸಿದಳು: “ರೀ, ಬೆಳಿಗ್ಗೆ ದುಡ್ಡು ಕೊಟ್ಟು ಎರಡೆರಡು ಲೋಟ ಪುದೀನ ಚಹಾ ಕುಡಿದಿರಲ್ಲ, ಅದಕ್ಕೆ ಯಾವ ನಾತ ಇತ್ತು?” ವ್ಯಭಿಚಾರ ದೋಷ! (ತರ್ಕಶಾಸ್ತ್ರದ ಅರ್ಥದಲ್ಲಿ, ಇದನ್ನು ಅವಳೂ ಓದುತ್ತಾಳೆ.) ಕೂಡಲೇ ಉಪಾಧಿ ಸೇರಿಸಿ ತಿದ್ದಿಕೊಂಡೆ: ಎಲ್ಲೆಲ್ಲಿ ಬಿಟ್ಟಿ ಪುದೀನವೋ ಅಲ್ಲಲ್ಲಿ ದುರ್ಗಂಧ. ಇಳಿಯುವ ದಾರಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದಿನಿಂದಲೇ ಇತ್ತು. ದುರ್ಗಂಧದ ಹಿಂದೆ ಬಿಲ್ಲೂ ಇರುತ್ತದೆ ಎಂಬುದು ಹೀಗೆ ಅನುಮಾನವಲ್ಲ, ಪ್ರತ್ಯಕ್ಷ. ಹಳದಿ ಬಾಬೂಶ್ ಚಪ್ಪಲಿ, ಒಂದು ಜೊತೆ. ಕೇಸರಿಯ ಬಣ್ಣ ಎಂದ ಅಂಗಡಿಯಾತ. ಕೇಸರಿಯ ಬೆಲೆ ಬಲ್ಲ ಹೆಂಡತಿ, ಅರಿಸಿನ ಎಂದಳು.

ಪ್ರವಾಸದಲ್ಲಿ ಹುಟ್ಟಿದ ಕವಿತೆ ಒಟ್ಟು ಒಂದೂವರೆ ಸಾಲು. ಬಣ್ಣಗಳೆಲ್ಲ ಫೋನಿನೊಳಗೆ ಸೇರಿಕೊಂಡವು. ಅವನ್ನು ಮತ್ತೆ ತೆರೆದು ನೋಡಿಲ್ಲ. ಜೂನ್ ತಿಂಗಳಲ್ಲಿ ಊರಿಗೆ ಮಳೆ ಹಿಡಿದಾಗ ಮಾತ್ರ ಚಪ್ಪಲಿ ತೇವ ಹೀರಿ, ಫೆಜ್ ಪಟ್ಟಣ ಇಡಿಯಾಗಿ ನಡುಮನೆಗೆ ಬಂದು ಕೂತಿತು. ಆ ರಾತ್ರಿ ನಿದ್ದೆ ಬಾರದೆ ಬರೆದದ್ದೇ ಈ ಪ್ರಬಂಧ. ಆದ್ದರಿಂದ ಸ್ಫೂರ್ತಿಗೆ ಮೂಗೇ ಪ್ರಮಾಣ, ಅದರಲ್ಲೂ ಅಸುರಭಿ. ಇದು ನನ್ನೊಬ್ಬನ ಹಟವಲ್ಲ. ಫ್ರಾನ್ಸಿನ ಗ್ರಾಸ್ ಇವತ್ತು ಅತ್ತರಿನ ಊರು. ಮೊದಲು ತೊಗಲಿನ ಊರು. ಕೈಗವಸಿನ ನಾತ ಮುಚ್ಚಲು ಹಚ್ಚಿದ ಪರಿಮಳವೇ ಮುಂದೆ ಅಲ್ಲಿಯವರ ಕಸುಬಾಯಿತು. ನನ್ನ ಮನೆಯಲ್ಲಿ ಅಷ್ಟು ಕಾಯುವ ತಾಳ್ಮೆ ಯಾರಿಗೂ ಇಲ್ಲ.

ಚಪ್ಪಲಿ ಈಗ ಬಾಗಿಲ ಹೊರಗಿದೆ. ಕಳ್ಳರು ಮುಟ್ಟಿಲ್ಲ, ನಾಯಿಯೂ ಮುಟ್ಟಿಲ್ಲ. ಅಳತೆ ಎಂಟು. ಸ್ಫೂರ್ತಿ ಬೇಕಾದ ಕವಿಗಳು ಬಂದು ಒಯ್ಯಬಹುದು. ಪುದೀನ ಅವರೇ ತರತಕ್ಕದ್ದು.